ಸಾರ್ವಜನಿಕ ಧನ, ಸಂಶೋಧನೆಯ ಫಲ ಮತ್ತು ಓದುಗನ ಅಧಿಕಾರ: ಮೂರು ನೀತಿಪತ್ರಗಳ ವಿಮರ್ಶೆ

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯನಾಗಿರುವ ನನ್ನ ಸೋದರಳಿಯನು ಕಳೆದ ಜನವರಿಯಲ್ಲಿ ನನಗೊಂದು ಕೆಲಸವನ್ನು ಒಪ್ಪಿಸಿದನು. ಮಂಗನ ಕಾಯಿಲೆಯನ್ನು ಕುರಿತ ಒಂದು ಸಂಶೋಧನ ಲೇಖನವು ಅವನಿಗೆ ಬೇಕಾಗಿದ್ದಿತು. “ಮಾವ, ನೀವು ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಇದ್ದವರು, ಮುಂಬಯಿಯಲ್ಲಿ ಇದ್ದೀರಿ, ನಿಮಗಾದರೂ ಸಿಕ್ಕೀತು” ಎಂದು ಅವನ ನಂಬಿಕೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ನಾನು ಮೊದಲು ಗಣಕದ ಮುಂದೆ ಕುಳಿತೆ. ಲೇಖನದ ಹೆಸರು, ಕರ್ತೃಗಳ ಹೆಸರುಗಳು, ಹತ್ತು ಸಾಲಿನ ಸಾರಾಂಶ ಇವಿಷ್ಟು ಕಂಡವು. ಅವುಗಳ ಕೆಳಗೆ ಬೀಗದ ಚಿತ್ರ. ಬೀಗದ ಪಕ್ಕದಲ್ಲಿ ಬೆಲೆ, ಮೂರು ಸಾವಿರ ರೂಪಾಯಿಗಳಿಗೆ ಸಮೀಪವಾದ ಡಾಲರುಗಳು. ಹಿಂದೆ ನಾನು ದುಡಿದ ಸಂಸ್ಥೆಯ ಗ್ರಂಥಾಲಯಕ್ಕೆ ಹೋದರೆ, ನಿವೃತ್ತರಿಗೆ ಒಳಗಿನ ಸಂಕೇತಪದವನ್ನು ಕೊಡುವ ಪದ್ಧತಿಯಿಲ್ಲವೆಂದು ಅಲ್ಲಿಯ ತರುಣ ಗ್ರಂಥಪಾಲರು ಬಹು ಸೌಜನ್ಯದಿಂದ ತಿಳಿಸಿದರು. ತಪ್ಪು ಅವರದಲ್ಲ. ಆದರೆ ಆ ಲೇಖನದ ಕೊನೆಯ ಪುಟದಲ್ಲಿ ಇದ್ದಿರಬಹುದಾದ ಕೃತಜ್ಞತೆಯ ಸಾಲೊಂದು ಸಾರಾಂಶದ ಜೊತೆಯಲ್ಲಿಯೇ ಅಚ್ಚಾಗಿದ್ದಿತು: ಈ ಕಾರ್ಯಕ್ಕೆ ಹಣವನ್ನು ಒದಗಿಸಿದವರು ಭಾರತ ಸರಕಾರದವರು.

ವೈದ್ಯನಾದ ಅಳಿಯನ ತೊಂದರೆಯೊಂದನ್ನು ಸಂಶೋಧನ ತ್ರೈಮಾಸಿಕದ ವಾಚಕರ ಮುಂದಿಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಟ್ರಾಂಬೆಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ, ದಿಲ್ಲಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಷ್ಟೋ ಮಂದಿ ಊರನ್ನು ಬಿಟ್ಟು ಬಂದುದು ಸರಕಾರದ ಪ್ರಯೋಗಶಾಲೆಗಳ ಕರೆಗೆ ಓಗೊಟ್ಟು. ನಾವು ಜೀವಮಾನವೆಲ್ಲ ಬರೆದ ಲೇಖನಗಳು ನಮ್ಮ ಊರಿಗೆ ಮರಳಿ ಹೋಗುವುವೋ ಇಲ್ಲವೋ ಎಂಬುದು ನಮಗೆ ಸಂಬಂಧಪಡದ ಪ್ರಶ್ನೆಯಲ್ಲ. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಓದಬಹುದೆಂಬ ತತ್ತ್ವಕ್ಕೆ ಹೊರಗಿನವರು ಓಪನ್ ಆಕ್ಸೆಸ್ ಎಂದು ಹೆಸರಿಟ್ಟಿದ್ದಾರೆ. ನಾನು ಅದನ್ನು ಮುಕ್ತ ಪ್ರವೇಶವೆಂದು ಕರೆಯುತ್ತೇನೆ. ಈ ವಿಷಯದಲ್ಲಿ ಕೇಂದ್ರ ಸರಕಾರವು ಹತ್ತು ವರ್ಷಗಳ ಅವಧಿಯಲ್ಲಿ ಮೂರು ಬಗೆಯ ಮಾತನ್ನು ಆಡಿದೆ: ೨೦೧೪ರಲ್ಲಿ ಒಂದು ನೀತಿ, ೨೦೨೦ರ ಕೊನೆಯಲ್ಲಿ ಒಂದು ಕರಡು, ೨೦೨೪ರಲ್ಲಿ ಒಂದು ಸಂಪುಟ ನಿರ್ಣಯ. ಈ ಮೂರನ್ನೂ ಒಟ್ಟಿಗೆ ಇಟ್ಟು, ಪಾಠಾಂತರಗಳನ್ನು ಹೋಲಿಸುವಂತೆ ಹೋಲಿಸಿ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಗನ ಕಾಯಿಲೆಯ ಇತಿಹಾಸವೇ ಇಲ್ಲಿ ಉಪಯುಕ್ತವಾದ ಉದಾಹರಣೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಕಾಡಿನ ಉಣುಗಿನಿಂದ ಹರಡುವ ಈ ರೋಗದ ವೈರಸ್ಸನ್ನು ಪ್ರತ್ಯೇಕಿಸಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರು. ಆ ಕೇಂದ್ರವು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳ ಸಹಯೋಗದಿಂದ ೧೯೫೨ರಲ್ಲಿ ಹುಟ್ಟಿದುದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯು ಅದೇ. ರೋಗ ಮಲೆನಾಡಿನದು, ರಕ್ತದ ಮಾದರಿ ಮಲೆನಾಡಿನ ಕೃಷಿಕರದು, ಹಣ ಬಹುಮಟ್ಟಿಗೆ ಸರಕಾರದ್ದು. ರೋಗದ ಹೆಸರೇ ನಮ್ಮ ಒಂದು ಕಾಡಿನ ಹೆಸರಾಗಿ ಜಗತ್ತಿನ ವೈದ್ಯಗ್ರಂಥಗಳಲ್ಲಿ ನಿಂತಿದೆ. ಹೀಗಿರುವಲ್ಲಿ ಅದೇ ರೋಗದ ವಿಷಯವಾಗಿ ಇತ್ತೀಚೆಗೆ ಬಂದ ತಿಳಿವಳಿಕೆಯು ಅದೇ ಕಾಡಿನ ಅಂಚಿನ ಆಸ್ಪತ್ರೆಗೆ ತಲಪಬೇಕಾದರೆ ಸಮುದ್ರದಾಚೆಯ ವರ್ತಕನಿಗೆ ಸುಂಕ ತೆರಬೇಕೆಂಬುದು ವಿಚಿತ್ರವಾದ ಸ್ಥಿತಿ. (ವೈದ್ಯಕೀಯ ಸಂಶೋಧನ ಮಂಡಲಿಯ ಸ್ವಂತ ಪತ್ರಿಕೆಯಾದ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ೧೯೧೩ರಿಂದ ನಡೆಯುತ್ತಿದ್ದು, ಅದನ್ನು ಯಾರಾದರೂ ಬೆಲೆಯಿಲ್ಲದೆ ಓದಬಹುದು. ಅಳಿಯನಿಗೆ ಬೇಕಾದ ಲೇಖನ ಅದರಲ್ಲಿ ಅಚ್ಚಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.)

ಈ ಸ್ಥಿತಿ ಹೇಗೆ ಒದಗಿತು? ವಿಜ್ಞಾನ ಪತ್ರಿಕೆಗಳ ವ್ಯವಹಾರವನ್ನು ಹೊರಗಿನವರಿಗೆ ವಿವರಿಸುವಾಗಲೆಲ್ಲ ಅವರು ನನ್ನ ಮಾತನ್ನು ನಂಬುವುದಿಲ್ಲ. ಕತೆಗಾರನು ಕತೆ ಬರೆದರೆ ಪತ್ರಿಕೆಯವರು ಅವನಿಗೆ ಸಂಭಾವನೆ ಕೊಡುತ್ತಾರೆ, ಅಥವಾ ಕೊಡುತ್ತೇವೆಂದು ಹೇಳಿಯಾದರೂ ಹೇಳುತ್ತಾರೆ. ವಿಜ್ಞಾನಿಗೆ ಹಾಗಿಲ್ಲ. ಸರಕಾರದ ಸಂಬಳವನ್ನು ಪಡೆದು, ಸರಕಾರದ ಉಪಕರಣಗಳನ್ನು ಬಳಸಿ ಅವನು ಲೇಖನವನ್ನು ಬರೆಯುತ್ತಾನೆ. ಬೆಲೆಯಿಲ್ಲದೆ ಅದನ್ನು ಪ್ರಕಾಶಕನಿಗೆ ಒಪ್ಪಿಸುತ್ತಾನೆ. ಪ್ರಕಾಶಕನು ಅದನ್ನು ಇನ್ನಿಬ್ಬರು ಮೂವರು ವಿಜ್ಞಾನಿಗಳ ಪರಿಶೀಲನೆಗೆ ಕಳುಹಿಸುತ್ತಾನೆ; ಅವರೂ ಸಂಭಾವನೆಯನ್ನು ಕೇಳುವುದಿಲ್ಲ, ಅವರ ಸಂಬಳವೂ ಸಾಮಾನ್ಯವಾಗಿ ಯಾವುದೋ ಸರಕಾರದ್ದೇ. ಲೇಖನವು ಅಂಗೀಕೃತವಾದಾಗ ಕರ್ತೃವು ಒಂದು ಹಾಳೆಗೆ ರುಜು ಹಾಕುತ್ತಾನೆ. ಆ ಹಾಳೆಯಿಂದ ಅವನ ಕೃತಿಸ್ವಾಮ್ಯವು ಪ್ರಕಾಶಕನ ಪಾಲಾಗುತ್ತದೆ. ನಾನು ಅಂಥ ಹಾಳೆಗಳಿಗೆ ಎಷ್ಟು ಸಾರಿ ರುಜು ಹಾಕಿದೆನೋ ಲೆಕ್ಕವಿಲ್ಲ. ಒಂದನ್ನಾದರೂ ಪೂರ್ತಿ ಓದಿದ ನೆನಪಿಲ್ಲ. ಆಮೇಲೆ ಅದೇ ವಿಜ್ಞಾನಿಯ ಸಂಸ್ಥೆಯು, ಅದೇ ಸರಕಾರದ ಹಣದಿಂದ, ಆ ಪತ್ರಿಕೆಗೆ ಚಂದಾ ಕೊಟ್ಟು ತನ್ನ ವಸ್ತುವನ್ನು ತಾನೇ ಕೊಂಡುಕೊಳ್ಳುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಕಟ್ಟಿದವರು ವಿಜ್ಞಾನ ಪತ್ರಿಕೆಗಳನ್ನು ಕಂಡವರಲ್ಲವಾದರೂ ಅವುಗಳ ಮರ್ಮವನ್ನು ಅರಿತಿದ್ದರು.

ಮೊದಲಿನಿಂದಲೂ ಹೀಗಿರಲಿಲ್ಲ. ೧೬೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗನು ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯನ್ನು ತೆಗೆದಂದಿನಿಂದ ಬಹುಕಾಲ ಇಂಥ ಪತ್ರಿಕೆಗಳನ್ನು ನಡೆಯಿಸಿದವರು ವಿದ್ವತ್ಸಂಘಗಳು. ಅವುಗಳಿಂದ ಲಾಭ ಬರುವುದೆಂದು ಯಾರೂ ನೆನೆದಿರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಸರಕಾರಗಳು ವಿಜ್ಞಾನಕ್ಕೆ ಹಣವನ್ನು ಧಾರಾಳವಾಗಿ ಸುರಿಯತೊಡಗಿದಾಗ, ಪರ್ಗಮನ್ ಪ್ರೆಸ್ಸಿನ ರಾಬರ್ಟ್ ಮ್ಯಾಕ್ಸ್‌ವೆಲ್ಲನಂಥ ಚತುರರು ಈ ಕ್ಷೇತ್ರದ ವ್ಯಾಪಾರ ರಹಸ್ಯವನ್ನು ಕಂಡುಕೊಂಡರು: ಇಲ್ಲಿ ಒಂದು ಪತ್ರಿಕೆ ಇನ್ನೊಂದಕ್ಕೆ ಬದಲಾಗಲಾರದು, ಗ್ರಂಥಾಲಯವು ಎರಡನ್ನೂ ಕೊಳ್ಳಲೇಬೇಕು. ೧೯೯೧ರಲ್ಲಿ ಪರ್ಗಮನ್ ಎಲ್ಸೆವಿಯರಿನ ಕೈಸೇರಿತು. ಆ ಸಂಸ್ಥೆಯು ಸೇರಿರುವ ಕಂಪನಿಯ ವಾರ್ಷಿಕ ವರದಿಗಳಲ್ಲಿ ವಿಜ್ಞಾನ ಪ್ರಕಾಶನ ವಿಭಾಗದ ಲಾಭವು ಹುಟ್ಟುವಳಿಯ ಶೇಕಡಾ ೩೫ನ್ನು ಮೀರಿ ನಿಂತಿರುವುದನ್ನು ಯಾರಾದರೂ ನೋಡಬಹುದು. ಆ ವರದಿಗಳಿಗೆ ಮಾತ್ರ ಬೀಗವಿಲ್ಲ.

ಇನ್ನು ಮೂರು ಪತ್ರಗಳ ವಿಚಾರ. ಅವುಗಳೆಲ್ಲದರ ಹಿನ್ನೆಲೆಯಲ್ಲಿ ೧೯೫೮ರ ಮಾರ್ಚ್ ೪ರ ವಿಜ್ಞಾನ ನೀತಿ ನಿರ್ಣಯವಿದೆ. ನೆಹರೂ ಅವರ ಸರಕಾರವು ಹೊರಡಿಸಿದ ಆ ಚಿಕ್ಕ ಬರೆವಣಿಗೆಯಲ್ಲಿ, ವಿಜ್ಞಾನದಿಂದ ಬರತಕ್ಕ ಸಕಲ ಪ್ರಯೋಜನಗಳನ್ನೂ ದೇಶದ ಜನರಿಗೆ ದೊರಕಿಸುವುದು ಸರಕಾರದ ಗುರಿಗಳಲ್ಲೊಂದೆಂದು ಹೇಳಿದೆ. ಜನರೆಂದರೆ ಯಾರು ಎಂಬ ಪ್ರಶ್ನೆಗೆ ಮುಂದಿನ ಪತ್ರಗಳು ಕೊಟ್ಟ ಉತ್ತರಗಳಲ್ಲಿಯೇ ನಮ್ಮ ವಿಷಯವೆಲ್ಲ ಅಡಗಿದೆ.

೨೦೧೪ರ ಡಿಸೆಂಬರಿನಲ್ಲಿ ಜೈವಿಕ ತಂತ್ರಜ್ಞಾನ ವಿಭಾಗವೂ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗವೂ ಕೂಡಿ ಪ್ರಕಟಿಸಿದ ಮುಕ್ತ ಪ್ರವೇಶ ನೀತಿಯು ಮೂರರಲ್ಲಿ ಅತ್ಯಂತ ವಿವೇಕಯುತವಾದುದೆಂದು ನನ್ನ ಅಭಿಪ್ರಾಯ. ೨೦೧೨-೧೩ನೆಯ ಸಾಲಿನಿಂದ ಈಚೆಗೆ ಈ ವಿಭಾಗಗಳ ಅನುದಾನವನ್ನು ಪಡೆದವರು, ತಮ್ಮ ಲೇಖನವು ಅಂಗೀಕೃತವಾದ ಎರಡು ವಾರಗಳೊಳಗೆ ಅದರ ಅಂತಿಮ ಹಸ್ತಪ್ರತಿಯನ್ನು ತಮ್ಮ ಸಂಸ್ಥೆಯ ಗಣಕ ಭಂಡಾರದಲ್ಲಿ ಇರಿಸಬೇಕು. ಪ್ರಕಾಶಕನು ಕಾಲಾವಕಾಶವನ್ನು ಕೇಳಿದರೆ ಅದು ಒಂದು ವರ್ಷವನ್ನು ಮೀರಬಾರದು. ಪ್ರಕಾಶಕನ ಅಚ್ಚಿನ ಪ್ರತಿಯನ್ನು ಯಾರೂ ಕದಿಯಬೇಕಾಗಿಲ್ಲ. ಕರ್ತೃವಿನ ಹಸ್ತಪ್ರತಿ ಸಾಕು. ಇದಕ್ಕೆ ಖರ್ಚು ಅತ್ಯಲ್ಪ. ಲೇಖನವನ್ನು ಮುಕ್ತಗೊಳಿಸಲು ಕೆಲವು ಪತ್ರಿಕೆಗಳು ಕರ್ತೃವಿನಿಂದ ವಸೂಲು ಮಾಡುವ ಶುಲ್ಕವನ್ನು ತಾವು ಭರಿಸುವುದಿಲ್ಲವೆಂದೂ ವಿಭಾಗಗಳು ಸ್ಪಷ್ಟವಾಗಿ ಹೇಳಿದುವು. ಅದಕ್ಕಿಂತ ಮಿಗಿಲಾಗಿ, ಲೇಖನದ ಯೋಗ್ಯತೆಯನ್ನು ಅದರ ಸ್ವಂತ ಗುಣದಿಂದ ಅಳೆಯಬೇಕೇ ಹೊರತು ಅಚ್ಚಾದ ಪತ್ರಿಕೆಯ ಹೆಸರಿನಿಂದಲ್ಲ ಎಂಬ ಮಾತೂ ಅದರಲ್ಲಿದೆ. ಬೇಲಿಯ ಬೇರು ಎಲ್ಲಿದೆಯೆಂಬುದನ್ನು ಈ ನೀತಿಯನ್ನು ಬರೆದವರು ಬಲ್ಲರು.

ಈ ಉಪಾಯವೇನೂ ಹೊಸದಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ೨೦೦೨ರಲ್ಲಿಯೇ ಇಂಥ ಭಂಡಾರವನ್ನು ತೆರೆದಿದ್ದಿತು. ದೇಶದಲ್ಲಿ ಅದೇ ಮೊದಲನೆಯದು. ಭೌತವಿಜ್ಞಾನಿಗಳು ೧೯೯೧ರಿಂದಲೂ ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಗಿನ್ಸ್‌ಪಾರ್ಗರು ಆರಂಭಿಸಿದ ಭಂಡಾರದಲ್ಲಿ ತಮ್ಮ ಹಸ್ತಪ್ರತಿಗಳನ್ನು ಇಡುತ್ತ ಬಂದಿದ್ದಾರೆ, ಅದರಿಂದ ಯಾವ ಪತ್ರಿಕೆಯೂ ಮುಚ್ಚಿಹೋದುದನ್ನು ನಾನು ಕೇಳಿಲ್ಲ.

ಆದರೆ ನೀತಿಯನ್ನು ಬರೆಯುವುದು ಬೇರೆ, ನಡೆಯಿಸುವುದು ಬೇರೆ. ಅನೇಕ ಸಂಸ್ಥೆಗಳು ಭಂಡಾರವನ್ನೇ ತೆರೆಯಲಿಲ್ಲ. ತೆರೆದ ಕಡೆಗಳಲ್ಲಿಯೂ ಇಡಬೇಕಾದವರು ಇಡಲಿಲ್ಲ. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಮುಕ್ತ ಪ್ರವೇಶ ದಿನವನ್ನು ಆಚರಿಸಿ ಉಪನ್ಯಾಸಗಳನ್ನು ಏರ್ಪಡಿಸಬೇಕೆಂಬ ವಿಧಿಯೂ ಆ ನೀತಿಯಲ್ಲಿದೆ. ಉಪನ್ಯಾಸಕ್ಕೆ ನಮ್ಮಲ್ಲಿ ಕೊರತೆಯಿಲ್ಲ! ಅಮೆರಿಕದ ಅನುಭವವನ್ನು ಇದರೊಡನೆ ಹೋಲಿಸಬೇಕು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಇಂಥದೇ ವಿನಂತಿಯನ್ನು ಮಾಡಿಕೊಂಡಾಗ ಅದಕ್ಕೆ ಕಿವಿಗೊಟ್ಟವರು ಬಹಳ ಕಡಿಮೆ. ೨೦೦೮ರಲ್ಲಿ ಅದು ಕಾನೂನಾಯಿತು: ಲೇಖನವು ಪ್ರಕಟವಾದ ಹನ್ನೆರಡು ತಿಂಗಳೊಳಗೆ ಸಾರ್ವಜನಿಕ ಭಂಡಾರದಲ್ಲಿ ಎಲ್ಲರ ಓದಿಗೂ ದೊರೆಯಬೇಕು. ೨೦೧೩ರಿಂದ ಇನ್ನೂ ಒಂದು ಹೆಜ್ಜೆ ಮುಂದುವರಿದು, ಲೇಖನವನ್ನು ಇಡದವನ ಅನುದಾನದ ಮುಂದಿನ ಕಂತನ್ನು ತಡೆಹಿಡಿಯತೊಡಗಿದರು. ಉಪನ್ಯಾಸಗಳಿಂದ ಆಗದ ಮನಃಪರಿವರ್ತನೆಯು ಕಂತು ನಿಂತಾಗ ಆಗುವುದೆಂಬುದನ್ನು ವಿಜ್ಞಾನಿಗಳ ನಡುವೆ ಬಾಳಿದ ನಾನು ವಿವರಿಸಬೇಕಾಗಿಲ್ಲ. ೨೦೨೨ರ ಆಗಸ್ಟಿನಲ್ಲಿ ಅಲ್ಲಿಯ ಅಧ್ಯಕ್ಷರ ವಿಜ್ಞಾನ ಕಚೇರಿಯು ಆ ಹನ್ನೆರಡು ತಿಂಗಳ ಅವಧಿಯನ್ನೂ ತೆಗೆದುಹಾಕುವಂತೆ ಎಲ್ಲ ಇಲಾಖೆಗಳಿಗೂ ಸೂಚಿಸಿತು. ಆರೋಗ್ಯ ಸಂಸ್ಥೆಯಲ್ಲಿ ಈ ಹೊಸ ನಿಯಮವು ೨೦೨೫ರ ಜುಲೈ ೧ರಿಂದ ಜಾರಿಗೆ ಬಂದಿದೆ. ನಮ್ಮ ೨೦೧೪ರ ನೀತಿಗೆ ಇಂಥ ಬೆನ್ನೆಲುಬು ದೊರೆತುದನ್ನು ನಾನು ಕಂಡಿಲ್ಲ.

ಎರಡನೆಯದು, ೨೦೨೦ರ ಡಿಸೆಂಬರಿನ ಕೊನೆಯಲ್ಲಿ ಹೊರಬಂದ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು. ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಪದಪುಂಜವನ್ನು ಅದರಲ್ಲಿ ಕಾಣುತ್ತೇವೆ. ಸರಕಾರವು ಪ್ರಕಾಶಕರೊಡನೆ ಒಟ್ಟಾಗಿ ಮಾತಾಡಿ ಒಂದೇ ಮೊತ್ತವನ್ನು ಕೊಟ್ಟರೆ, ಅದಕ್ಕೆ ಪ್ರತಿಯಾಗಿ ಭಾರತದಲ್ಲಿರುವ ಸಕಲ ವ್ಯಕ್ತಿಗಳಿಗೂ ಪತ್ರಿಕೆಗಳ ಲೇಖನಗಳು ದೊರೆಯುವುವು: ಇದು ಅದರ ತಾತ್ಪರ್ಯ. ಸಕಲ ವ್ಯಕ್ತಿಗಳು ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದನ್ನು ಬರೆದವರು ಕೈತಪ್ಪಿ ಬರೆದರೆಂದು ನಾನು ಭಾವಿಸುವುದಿಲ್ಲ. ಆ ವರ್ಷವು ಕೋವಿಡ್ ಮಾರಿಯ ವರ್ಷ. ಆ ರೋಗವನ್ನು ಕುರಿತ ಲೇಖನಗಳ ಬೀಗವನ್ನು ದೊಡ್ಡ ಪ್ರಕಾಶಕರೇ ತೆಗೆದಿದ್ದರು. ಜನರು ಸಾಯುತ್ತಿರುವಾಗ ತಿಳಿವಳಿಕೆಗೆ ಬೀಗವಿರಬಾರದೆಂದು ಅವರು ಒಪ್ಪಿದಂತಾಯಿತಷ್ಟೆ. ಮಂಗನ ಕಾಯಿಲೆಯಿಂದಲೂ ಜನರು ಸಾಯುತ್ತಾರೆ, ಆದರೆ ಒಮ್ಮೆಗೆ ಕೆಲವರು, ಅದೂ ಕಾಡಿನ ಅಂಚಿನಲ್ಲಿ.

ಮೂರನೆಯದು ೨೦೨೪ರ ನವೆಂಬರ್ ೨೫ರ ಸಂಪುಟ ನಿರ್ಣಯ. ಶೀರ್ಷಿಕೆ ಅದೇ, ‘ಒಂದು ರಾಷ್ಟ್ರ, ಒಂದು ಚಂದಾ’. ೨೦೨೫, ೨೦೨೬, ೨೦೨೭ ಈ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳು, ೩೦ ಪ್ರಕಾಶಕರು, ಸುಮಾರು ೧೩,೦೦೦ ಪತ್ರಿಕೆಗಳು. ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ಇದರ ಉಸ್ತುವಾರಿಯನ್ನು ವಹಿಸಿದೆ. ಫಲಾನುಭವಿಗಳಾರು? ಸರಕಾರಿ ಆಡಳಿತದ ೬,೩೦೦ಕ್ಕೂ ಮಿಕ್ಕ ಉಚ್ಚ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನ ಸಂಸ್ಥೆಗಳು. ಅವುಗಳಲ್ಲಿರುವ ಸುಮಾರು ೧.೮ ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಹೀಗೆ ಹೆಸರಿನಲ್ಲಿ ರಾಷ್ಟ್ರವೆಂಬ ಶಬ್ದವು ಉಳಿದು, ಒಳಗಿನ ಪಾಠದಲ್ಲಿ ಸಕಲ ವ್ಯಕ್ತಿಗಳ ಸ್ಥಾನಕ್ಕೆ ಸಂಸ್ಥೆಗಳು ಬಂದುವು. ಹಳೆಯ ಗ್ರಂಥಗಳ ಪ್ರತಿಕಾರರು ಇಂಥ ಪಾಠವ್ಯತ್ಯಾಸವನ್ನು ಮಾಡಿದರೆ ಸಂಪಾದಕರು ಅಡಿಟಿಪ್ಪಣಿಯಲ್ಲಿಯಾದರೂ ಸೂಚಿಸುತ್ತಾರೆ. ನೂರ ನಲವತ್ತು ಕೋಟಿ ಜನರ ರಾಷ್ಟ್ರವು ೧.೮ ಕೋಟಿಗೆ ಇಳಿದುದಕ್ಕೆ ಇಲ್ಲಿ ಯಾವ ಟಿಪ್ಪಣಿಯೂ ಕಾಣಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತನ್ನು ಮೊದಲು ಹೇಳಿಬಿಡುವೆ. ಈ ಯೋಜನೆಯಿಂದ ಆದ ಉಪಕಾರವು ಅಲ್ಪವೇನೂ ಅಲ್ಲ. ನಿನ್ನೆಯವರೆಗೆ ದೊಡ್ಡ ಸಂಸ್ಥೆಗಳಲ್ಲಿದ್ದವರಿಗೆ ಒಂದು ಗ್ರಂಥಾಲಯ, ರಾಯಚೂರಿನ ಅಥವಾ ಚಾಮರಾಜನಗರದ ಸರಕಾರಿ ಕಾಲೇಜಿನವರಿಗೆ ಇನ್ನೊಂದು ಎಂಬ ಭೇದವಿದ್ದಿತು. ಈ ಎರಡನೆಯದು ಬಹುಶಃ ಧೂಳು ಹಿಡಿದ ಎರಡು ಕಪಾಟುಗಳು. ಈಗ ಇಬ್ಬರೂ ಅದೇ ಪತ್ರಿಕೆಯನ್ನು ಅದೇ ದಿನ ಓದಬಲ್ಲರು. ವರ್ಷಕ್ಕೆ ೨,೦೦೦ ಕೋಟಿಯನ್ನು ೧.೮ ಕೋಟಿ ಜನರಿಗೆ ಹಂಚಿದರೆ ತಲೆಗೆ ೧,೧೦೦ ರೂಪಾಯಿಗಳಿಗಿಂತ ತುಸು ಹೆಚ್ಚಾಗುತ್ತದೆ. ಓದುವ ಹುಡುಗನೊಬ್ಬನಿಗೆ ಇದು ಅತಿಯಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ಬೇರೆ ಬೇರೆ ಮಂತ್ರಾಲಯಗಳ ಕೆಳಗೆ ಹಂಚಿಹೋಗಿದ್ದ ಗ್ರಂಥಾಲಯ ಕೂಟಗಳು ಪ್ರತ್ಯೇಕವಾಗಿ ಚೌಕಾಸಿ ಮಾಡುತ್ತಿದ್ದುದಕ್ಕಿಂತ ಒಬ್ಬನೇ ಕೊಳ್ಳುಗನು ಎದುರಿಗೆ ಕುಳಿತು ಮಾತಾಡುವುದು ಮೇಲು.

ಆದರೆ ಹೊರಗುಳಿದವರು ಯಾರೆಂಬುದನ್ನೂ ಎಣಿಸಬೇಕು. ಖಾಸಗಿ ಕಾಲೇಜುಗಳು ಮೊದಲನೆಯ ಹಂತದಲ್ಲಿಲ್ಲ. ಕರ್ನಾಟಕದಲ್ಲಿ ಇಂಜಿನಿಯರಿಂಗನ್ನೂ ವೈದ್ಯಕೀಯವನ್ನೂ ಕಲಿಯುವವರ ಬಹುದೊಡ್ಡ ಪಾಲು ಅಲ್ಲಿಯೇ ಇದೆ. ತಾಲ್ಲೂಕು ಆಸ್ಪತ್ರೆಯು ಸರಕಾರದ್ದೇ ಆದರೂ ಉಚ್ಚ ಶಿಕ್ಷಣ ಸಂಸ್ಥೆಯಲ್ಲ, ಆದುದರಿಂದ ಅದಿಲ್ಲ. ಪ್ರೌಢಶಾಲೆಯ ಉಪಾಧ್ಯಾಯರು, ಪತ್ರಕರ್ತರು, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು, ನಿವೃತ್ತರು, ಸ್ವತಂತ್ರ ವಿದ್ವಾಂಸರು ಯಾರೂ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ತಮ್ಮ ಮನೆಯಲ್ಲಿ, ತಮ್ಮ ಪುಸ್ತಕಗಳ ನಡುವೆ ಕುಳಿತು ಸಂಶೋಧನೆ ನಡೆಯಿಸಿದರು. ಶಂಬಾ ಜೋಶಿಯವರು ಧಾರವಾಡದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದರು. ಇಂಥವರ ಕೆಲಸಕ್ಕೆ ಆಧಾರವಾಗಿ ನಿಂತುದು ಸರಕಾರವೇ ಅಚ್ಚು ಹಾಕಿಸಿದ ಗ್ರಂಥಗಳು. ಮೈಸೂರು ಸರಕಾರದ ಹಣದಿಂದ ಲೂಯಿ ರೈಸರು ೧೮೮೬ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಶಾಸನಗಳ ಮೂಲಪಾಠವೂ ಇಂಗ್ಲಿಷ್ ಅನುವಾದವೂ ಇದ್ದುವು. ರೈಸರ ಓದು ತಪ್ಪೆಂದು ಯಾವ ಊರಿನ ಮಾಸ್ತರನು ಬೇಕಾದರೂ ತೋರಿಸಿಕೊಡಬಹುದಿತ್ತು, ಮತ್ತು ಎಷ್ಟೋ ಮಂದಿ ತೋರಿಸಿಕೊಟ್ಟರು. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದ ಮೇಲೆ ಅದರ ಕಾಲವನ್ನು ಕುರಿತು ನಡೆದ ವಾದವು ಇನ್ನೂ ಮುಗಿದಿಲ್ಲ; ಕಲ್ಲು ಸರಕಾರದ ವಶದಲ್ಲಿದ್ದರೂ ಪಾಠವು ಎಲ್ಲರದೂ ಆದುದರಿಂದಲೇ ಆ ವಾದವು ಸಾಧ್ಯವಾಯಿತು. ಈ ತ್ರೈಮಾಸಿಕಕ್ಕೆ ಬರೆಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಗಲು ಬ್ಯಾಂಕಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ಇರುಳು ಹಸ್ತಪ್ರತಿಯ ಮುಂದೆ ಕೂರುವವರು. ಅವರಲ್ಲಿ ಯಾರೂ ಆ ೧.೮ ಕೋಟಿಯಲ್ಲಿ ಬರುವುದಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದು ಇದಕ್ಕಿಂತ ಆಳವಾದುದು. ಚಂದಾ ಎಂಬುದು ಬಾಡಿಗೆ. ಮುಂಬಯಿಯಲ್ಲಿ ಬಾಳಿದವರಿಗೆ ಬಾಡಿಗೆ ಮನೆಯ ಸ್ವರೂಪವನ್ನು ಹೇಳಿಕೊಡಬೇಕಾಗಿಲ್ಲ: ಎಷ್ಟು ವರ್ಷ ತೆತ್ತರೂ ಗೋಡೆಗೆ ಮೊಳೆ ಹೊಡೆಯುವಾಗ ಮಾಲೀಕನ ಮುಖವನ್ನು ನೋಡಬೇಕು. ಭಾರತೀಯ ವಿಜ್ಞಾನಿಯು ಬರೆದ ಲೇಖನವನ್ನು ಭಾರತೀಯ ವಿದ್ಯಾರ್ಥಿಯು ಓದುವುದಕ್ಕೆ ಈ ಹಣವು ಸಲ್ಲುತ್ತದೆಯೇ ವಿನಾ, ಆ ಲೇಖನದ ಬೀಗವನ್ನು ತೆಗೆಯುವುದಕ್ಕೆ ಸಲ್ಲುವುದಿಲ್ಲ. ನೇಪಾಳದ ಅಥವಾ ತಾಂಜಾನಿಯಾದ ವಿದ್ಯಾರ್ಥಿಗೆ ಅದು ಮೊದಲಿನಂತೆಯೇ ಮುಚ್ಚಿರುತ್ತದೆ. ೨೦೨೭ರ ಕೊನೆಗೆ ಸರಕಾರವು ಮತ್ತೆ ಪ್ರಕಾಶಕರೆದುರು ಕೂರಬೇಕು. ಮೂರು ವರ್ಷ ಉಂಡ ಊಟದ ರುಚಿ ಹತ್ತಿರುವ ೧.೮ ಕೋಟಿ ಜನ ಹಿಂದೆ ನಿಂತಿರುವಾಗ ಬೆಲೆಯ ವಿಷಯದಲ್ಲಿ ಬೇಡವೆಂದು ಎದ್ದುಬರುವುದು ಸುಲಭವಾಗಲಾರದು. ೨೦೧೪ರ ನೀತಿಯು ಹಸ್ತಪ್ರತಿಗಳ ಭಂಡಾರವೆಂಬ ಸ್ವಂತ ಮನೆಗೆ ತಳಹದಿಯನ್ನು ತೋಡಿದ್ದಿತು. ತೋಡಿದ ಹಳ್ಳದಲ್ಲಿ ಮಳೆನೀರು ನಿಂತಿದೆ.

ಕರ್ತೃಶುಲ್ಕದ ವಿಷಯದಲ್ಲಂತೂ ಸರಕಾರದ ಮಾತು ತಿರುವುಮುರುವಾಗಿದೆ. ಓದುಗನಿಂದ ಹಣವನ್ನು ಕೇಳದೆ ಬರೆದವನಿಂದ ಕೇಳುವ ಈ ಪದ್ಧತಿಯು ಮುಕ್ತ ಪ್ರವೇಶವೆಂಬ ಹೆಸರಿನಲ್ಲಿಯೇ ಬೆಳೆಯಿತು. ೨೦೧೨ರ ಫಿಂಚ್ ವರದಿಯ ತರುವಾಯ ಬ್ರಿಟನ್ ಅದನ್ನು ಎತ್ತಿಹಿಡಿಯಿತು. ನೇಚರ್ ಪತ್ರಿಕೆಯು ೨೦೨೧ರಲ್ಲಿ ಈ ಮಾರ್ಗವನ್ನು ತೆರೆದಾಗ ಒಂದು ಲೇಖನಕ್ಕೆ ಗೊತ್ತುಮಾಡಿದ ಶುಲ್ಕ ೯,೫೦೦ ಯೂರೋ, ಎಂದರೆ ಎಂಟು ಲಕ್ಷ ರೂಪಾಯಿಗಳಿಗೂ ಮೇಲೆ. ೨೦೨೩ರ ಜನವರಿಯಿಂದ ನಮ್ಮ ಕಿರಿಯ ಸಂಶೋಧನ ವಿದ್ಯಾರ್ಥಿಯ ವೇತನವು ತಿಂಗಳಿಗೆ ೩೭,೦೦೦ ರೂಪಾಯಿ. ಒಂದೂಮುಕ್ಕಾಲು ವರ್ಷ ದುಡಿದ ವೇತನವನ್ನೆಲ್ಲ ತೆತ್ತರೂ ಒಂದು ಲೇಖನದ ಬಾಗಿಲು ತೆರೆಯುವುದಿಲ್ಲ. ಮೂಗಿಗಿಂತ ಮೂಗುತಿ ಭಾರ! ಓದುಗನ ಮನೆಯ ಬೀಗವನ್ನು ತೆಗೆದು ಬರೆಯುವವನ ಮನೆಗೆ ಜಡಿದಂತಾಯಿತು. ೨೦೧೪ರಲ್ಲಿ ಈ ಶುಲ್ಕವನ್ನು ಭರಿಸುವುದಿಲ್ಲವೆಂದ ಸರಕಾರವು ೨೦೨೪ರ ಯೋಜನೆಯ ಜೊತೆಯಲ್ಲಿ ಅದೇ ಶುಲ್ಕಕ್ಕಾಗಿ ವರ್ಷಕ್ಕೆ ೧೫೦ ಕೋಟಿಯನ್ನು ಇರಿಸುವುದಾಗಿ ಹೇಳಿತು. ನಡುವೆ ೨೦೧೯ರ ಫೆಬ್ರವರಿಯಲ್ಲಿ ಯುರೋಪಿನ ಪ್ಲಾನ್ ಎಸ್ ಎಂಬ ಒಕ್ಕೂಟವನ್ನು ಸೇರುವೆವೆಂದು ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರು ಸಾರಿ, ಅದೇ ವರ್ಷ ಅಕ್ಟೋಬರಿನಲ್ಲಿ ಸೇರುವುದಿಲ್ಲವೆಂದರು. ಮನಸ್ಸನ್ನು ಬದಲಾಯಿಸುವುದು ದೋಷವಲ್ಲ; ಬದಲಾಯಿಸಿದ್ದಕ್ಕೆ ಕಾರಣವನ್ನು ಸರಿಯಾಗಿ ಬರೆದಿಡದಿರುವುದು ದೋಷ.

ಬೇರೆ ದಾರಿಯಿರಲಿಲ್ಲವೆಂದು ಯಾರೂ ಹೇಳಬಾರದು. ೧೯೨೮ರ ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರು ತಮ್ಮ ಹೊಸ ಕಿರಣವನ್ನು ಕುರಿತು ಉಪನ್ಯಾಸ ಮಾಡಿದರಷ್ಟೆ. ಅದು ಅಚ್ಚಾದುದು ಕಲಕತ್ತೆಯ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸಿನಲ್ಲ್ಲಿ. ಅದರ ಪ್ರತಿಗಳನ್ನು ರಾಮನ್ನರು ತಾವೇ ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ನೊಬೆಲ್ ಪಾರಿತೋಷಕವು ಎರಡೇ ವರ್ಷಗಳಲ್ಲಿ ಬಂದಿತು. ಪತ್ರಿಕೆಯು ನಮ್ಮದೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ. ೧೯೩೪ರಲ್ಲಿ ಅವರೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ತನ್ನ ಪತ್ರಿಕೆಗಳ ಪೂರ್ಣಪಾಠವನ್ನು, ವಿದೇಶಿ ಪ್ರಕಾಶಕನೊಡನೆ ಒಪ್ಪಂದ ಮಾಡಿಕೊಂಡ ಮೇಲೂ, ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬ್ರೆಜಿಲ್ ದೇಶವು ಈ ದಾರಿಯಲ್ಲಿಯೇ ಇನ್ನೂ ಮುಂದೆ ಹೋಗಿದೆ. ಅಲ್ಲಿ ೧೯೯೭-೯೮ರಲ್ಲಿ ಸೈಯೆಲೋ ಎಂಬ ಸಾರ್ವಜನಿಕ ವ್ಯವಸ್ಥೆಯನ್ನು ಕಟ್ಟಿ, ದೇಶದ ಒಳ್ಳೆಯ ಪತ್ರಿಕೆಗಳನ್ನೆಲ್ಲ ಒಂದೆಡೆ ತಂದು ಬೆಲೆಯಿಲ್ಲದೆ ಓದಗೊಟ್ಟರು. ಆಮೇಲೆ ಲ್ಯಾಟಿನ್ ಅಮೆರಿಕದ ಇತರ ದೇಶಗಳೂ ಸೇರಿಕೊಂಡವು. ಅವುಗಳಲ್ಲಿ ಬಹಳಷ್ಟು ಲೇಖನಗಳು ಪೋರ್ತುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿವೆ. ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿಯೇ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಯಿಸಿದರು. ಸರಕಾರದ ಅನುದಾನವನ್ನು ಪಡೆದ ಲೇಖನಕ್ಕೆ ದೇಶಭಾಷೆಯಲ್ಲಿ ಒಂದು ಪುಟದ ಸಾರಾಂಶವಾದರೂ ಇರಬೇಕೆಂಬ ನಿಯಮವನ್ನು ೨೦೧೪ರ ನೀತಿಯಲ್ಲಿಯೂ ೨೦೨೪ರ ನಿರ್ಣಯದಲ್ಲಿಯೂ ನಾನು ಹುಡುಕಿ ಕಾಣದೆ ಹೋದೆ. ೬,೦೦೦ ಕೋಟಿಯಲ್ಲಿ ಇಪ್ಪತ್ತರಲ್ಲೊಂದು ಭಾಗವನ್ನು ನಮ್ಮವೇ ಪತ್ರಿಕೆಗಳಿಗೂ ಭಂಡಾರಗಳಿಗೂ ವಿನಿಯೋಗಿಸಿದ್ದರೆ ಅದೇ ೩೦೦ ಕೋಟಿಯಾಗುತ್ತಿತ್ತು.

ಬೀಗವಿದ್ದಲ್ಲಿ ಕನ್ನವೂ ಇರುತ್ತದೆ. ಕಜಾಕಸ್ತಾನದ ತರುಣಿ ಎಲ್ಬಕ್ಯಾನ್ ೨೦೧೧ರಲ್ಲಿ ತೆರೆದ ಸೈ-ಹಬ್ ಎಂಬ ತಾಣದಿಂದ ನಮ್ಮ ವಿದ್ಯಾರ್ಥಿಗಳು ಲೇಖನಗಳನ್ನು ಇಳಿಸಿಕೊಳ್ಳುತ್ತಿದ್ದುದು ಯಾರಿಗೂ ಗುಟ್ಟಾಗಿರಲಿಲ್ಲ. ಪ್ರಕಾಶಕರು ೨೦೨೦ರ ಡಿಸೆಂಬರಿನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ೨೦೨೫ರ ಆಗಸ್ಟಿನಲ್ಲಿ ಆ ತಾಣವನ್ನು ದೇಶದಲ್ಲಿ ತಡೆಯುವಂತೆ ಆಜ್ಞೆಯಾಯಿತು. ಇದೇ ನ್ಯಾಯಾಲಯವು ೨೦೧೬ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಆವರಣದ ನೆರಳಚ್ಚಿನ ಅಂಗಡಿಯ ಮೊಕದ್ದಮೆಯಲ್ಲಿ, ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಪ್ರತಿಮಾಡುವುದು ೧೯೫೭ರ ಕೃತಿಸ್ವಾಮ್ಯ ಕಾನೂನಿಗೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟಿದ್ದಿತು. ಕನ್ನವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ತಾಣವನ್ನು ಮುಚ್ಚಿದ ದಿನ, ೬,೩೦೦ ಸಂಸ್ಥೆಗಳ ಒಳಗಿದ್ದವರಿಗೆ ಏನೂ ನಷ್ಟವಾಗಲಿಲ್ಲ. ಹೊರಗಿದ್ದವರಿಗೆ ಇದ್ದ ಒಂದು ಕಿಂಡಿಯೂ ಹೋಯಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡುವ ಹೊಣೆ ನ್ಯಾಯಾಲಯದ್ದಲ್ಲ, ನೀತಿಯನ್ನು ಬರೆಯುವವರದು.

ಅಳಿಯನಿಗೆ ಬೇಕಾದ ಲೇಖನದ ಮಾತು ಉಳಿಯಿತು. ಮೂರು ಸಾವಿರ ರೂಪಾಯಿಗಳನ್ನು ತೆರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ, ಜಿಪುಣತನವೆಂದರೂ ಸರಿಯೆ. ಹಳೆಯ ಕಾಲದಲ್ಲಿ ನಾವು ಮುದ್ರಿತ ಕಾರ್ಡುಗಳ ಮೇಲೆ ಹೆಸರು ತುಂಬಿಸಿ ಪರದೇಶದ ವಿದ್ವಾಂಸರಿಂದ ಲೇಖನದ ಪ್ರತಿಯನ್ನು ಬೇಡಿ ತರಿಸಿಕೊಳ್ಳುತ್ತಿದ್ದಂತೆ, ಆ ಲೇಖನದ ಕರ್ತೃಗಳಲ್ಲಿ ಒಬ್ಬರಿಗೆ ನೇರವಾಗಿ ಪತ್ರ ಬರೆದೆ. ಎರಡನೆಯ ದಿನವೇ ಉತ್ತರ ಬಂದಿತು. ಅಚ್ಚಾದ ಪ್ರತಿಯನ್ನು ಕಳುಹಿಸುವ ಅಧಿಕಾರ ತಮಗಿದೆಯೋ ಇಲ್ಲವೋ ತಿಳಿಯದೆಂದೂ, ಆದುದರಿಂದ ಅಂಗೀಕೃತವಾದ ತಮ್ಮ ಹಸ್ತಪ್ರತಿಯನ್ನೇ ಕಳುಹಿಸುತ್ತಿರುವುದಾಗಿಯೂ ಅವರು ಬರೆದಿದ್ದರು. ಅದನ್ನು ಸಂಸ್ಥೆಯ ಭಂಡಾರದಲ್ಲಿ ಇಟ್ಟಿದ್ದೀರಾ ಎಂದು ನಾನು ಮರಳಿ ಕೇಳಿದೆ. ತಮ್ಮ ಸಂಸ್ಥೆಗೆ ಅಂಥ ಭಂಡಾರವಿರುವುದು ತಮಗೆ ಗೊತ್ತಿರಲಿಲ್ಲವೆಂದೂ, ವಿಚಾರಿಸುವೆನೆಂದೂ ತಿಳಿಸಿದರು. ಹಸ್ತಪ್ರತಿಯು ಆ ಸಂಜೆಯೇ ಮಲೆನಾಡಿಗೆ ಹೋಯಿತು.